ಸ್ವೆಟರಣ್ಣ, ಅವನ ಮಾವ ಮತ್ತು ಒಂದು ಫ್ಯಾನು

ಮನುಷ್ಯನ ಯೋಗ್ಯತೆ ಏನೆಂದು ತಿಳಿಯಬೇಕಾದರೆ ಅವನನ್ನು ಬೇಸಿಗೆಯಲ್ಲಿ ನೋಡಬೇಕು. ಮಳೆಗಾಲದಲ್ಲಿ ಎಲ್ಲರೂ ಸಭ್ಯರೇ, ಕೊಡೆಯ ಕೆಳಗೆ ಯಾರು ಬೇಕಾದರೂ ದೊಡ್ಡ ಮನುಷ್ಯನ ಹಾಗೆ ಕಾಣುತ್ತಾನೆ. ನೆತ್ತಿ ಕಾದಾಗ ಬಣ್ಣ ಬಯಲಾಗುತ್ತದೆ. ಆ ವರ್ಷದ ಬೇಸಿಗೆಯಲ್ಲಿ ಆ ಬೀದಿಯ ಯೋಗ್ಯತೆಯೆಲ್ಲ ಬೆವರಿನ ಜೊತೆ ಇಳಿದು ಚರಂಡಿ ಸೇರಿತು.

ಮೂಲೆಯ ಟೈಲರು ಪ್ಲಾಸ್ಟಿಕ್ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತ. ಮಿಷನ್ನು ತುಳಿಯಬೇಕಾದ ಕಾಲು ನೀರಿನಲ್ಲಿದ್ದರೆ ಹೊಲಿಯುವುದು ಯಾವುದರಿಂದ? ಟೇಪನ್ನು ಕೊರಳಿಗೆ ಹಾಕಿಕೊಂಡು, ಬಂದವರಿಗೆಲ್ಲ "ನಾಳೆ ಬನ್ನಿ" ಅನ್ನುತ್ತಿದ್ದ. ಬೇಸಿಗೆ ಇಲ್ಲದಾಗಲೂ ಅವನು ಅನ್ನುತ್ತಿದ್ದದ್ದು ಅದನ್ನೇ. ಮಹಡಿ ಮನೆಯವನು ಮನೆ ತಂಪಾಗಲಿ ಎಂದು ತಾರಸಿಗೆ ಸುಣ್ಣ ಬಳಿಯಲು ನಡು ಮಧ್ಯಾಹ್ನ ಹತ್ತಿದ. ಅರ್ಧ ಬಳಿಯುವ ಹೊತ್ತಿಗೆ ತಲೆ ಸುತ್ತಿ ಸುಣ್ಣದ ಬಕೆಟ್ಟಿನ ಮೇಲೇ ಕೂತ. ನಾಲ್ಕು ಜನ ಹಿಡಿದು ಇಳಿಸಿದರು, ಹಿಂಭಾಗವೆಲ್ಲ ಬಿಳಿ. ಎದುರು ಮನೆಯ ಮೇಷ್ಟ್ರು ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು ಗೇಟಿನಲ್ಲಿ ನಿಂತು, ಹೋಗಿಬರುವವರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದರು: "ಏನ್ ಸೆಕೆ ಅಲ್ವಾ?"

ಹೌದು ಸ್ವಾಮಿ, ಸೆಕೆ. ಹೇಳಿದರೆ ಕಡಿಮೆಯಾಗುತ್ತದೆಯೇ?

ಇಂಥ ಬೀದಿಯಲ್ಲಿ ದಿನಾ ಬೆಳಿಗ್ಗೆ ಒಬ್ಬ ಮನುಷ್ಯ ಉಣ್ಣೆ ಸ್ವೆಟರಿಗೆ ಕೊರಳ ತನಕ ಗುಂಡಿ ಹಾಕಿ, ಮಫ್ಲರನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ನಡೆದು ಹೋಗುತ್ತಿದ್ದ. ಮಕ್ಕಳು ಹಿಂದಿನಿಂದ "ಸ್ವೆಟರಣ್ಣಾ, ಮಂಜು ಬೀಳ್ತಿದೆ ಹುಷಾರು!" ಎಂದು ಕೂಗುತ್ತಿದ್ದರು. ತಾಯಂದಿರು ಮಕ್ಕಳನ್ನು ಗದರಿಸಿ, ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಗಲಿ. ಸ್ವೆಟರಣ್ಣನಿಗೆ ಆ ಬೀದಿಯ ನಗುವೂ ಒಂದೇ, ನಾಯಿ ಬೊಗಳುವುದೂ ಒಂದೇ. "ಬೆವರು ಬಂದ್ರೆ ಒರೆಸ್ಕೋಬೇಕು, ಭಾಷಣ ಮಾಡಬಾರ್ದು" ಎಂಬುದು ಅವನ ಸಿದ್ಧಾಂತ.

ಅವನ ಕೆಲಸ ಕೋಲ್ಡ್ ಸ್ಟೋರೇಜಿನಲ್ಲಿ. ಊರ ಹೊರಗೆ ಕಿಟಕಿಯೇ ಇಲ್ಲದ ದೊಡ್ಡ ಕಟ್ಟಡ. ಒಳಗೆ ಸಾಲು ಸಾಲು ಕೋಣೆಗಳು, ಒಂದರಲ್ಲಿ ಆಲೂಗಡ್ಡೆ, ಒಂದರಲ್ಲಿ ಸೇಬು, ಒಂದರಲ್ಲಿ ಬೆಣ್ಣೆಯ ಡಬ್ಬಗಳು. ಗೋಡೆಯ ಪೈಪುಗಳ ಮೇಲೆ ಹಿಮ ಹತ್ತಿಯ ಹಾಗೆ ಮೆತ್ತಿಕೊಂಡಿರುತ್ತದೆ. ಬಾಗಿಲು ಒಂದು ಮೊಳ ದಪ್ಪ, ಸುತ್ತ ರಬ್ಬರು, ಎಳೆದರೆ ಹೀರಿಕೊಂಡು ಮುಚ್ಚುತ್ತದೆ. ಆ ಕೋಣೆಗಳಿಂದ ಮೂಟೆ ಹೊರುವುದು, ಒಳಗಿಡುವುದು, ಮತ್ತೆ ಹೊರಗಿಡುವುದು. ಬೆಳಿಗ್ಗೆ ಒಳಹೊಕ್ಕವನ ಮೂಳೆಗೆ ಸಂಜೆಯ ತನಕ ಬೇಸಿಗೆ ಬಂದದ್ದೇ ಗೊತ್ತಾಗುವುದಿಲ್ಲ.

ಹಾಗಾಗಿ ಇಡೀ ಊರು ನೆರಳು ಹುಡುಕುವಾಗ ಈ ಪುಣ್ಯಾತ್ಮ ಬಿಸಿಲು ಹುಡುಕುತ್ತಿದ್ದ. ಟೀ ಹೊತ್ತಿಗೆ ಕಟ್ಟಡದ ಹಿಂದಿನ ಮೋಟುಗೋಡೆಯ ಮೇಲೆ ಮುಖ ಮೇಲೆ ಮಾಡಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಅದೇ ಗೋಡೆಯ ಮೇಲೆ ಒಂದು ಓತಿಕ್ಯಾತವೂ ಹಾಗೇ ಕೂತಿರುತ್ತಿತ್ತು. "ಗಂಡ ಅಂತ ಓತಿಕ್ಯಾತನ್ನ ಕಟ್ಕೊಂಡೆ" ಎಂದು ಅವನ ಹೆಂಡತಿ ಹೇಳುವುದಿತ್ತು. ಅವಳು ಗೋಡೆಯನ್ನೂ ನೋಡಿರಲಿಲ್ಲ, ಆ ಓತಿಕ್ಯಾತವನ್ನೂ ನೋಡಿರಲಿಲ್ಲ. ಗಂಡನೊಬ್ಬನನ್ನು ನೋಡಿಯೇ ಹೇಳಿದ ಮಾತು ಅದು.

ಹೆಂಡತಿಯ ವಿಷಯ ಬಂದಾಗ ಮಾತ್ರ ಸ್ವೆಟರಣ್ಣನ ಸಿದ್ಧಾಂತಗಳೆಲ್ಲ ಮೆತ್ತಗಾಗುತ್ತಿದ್ದವು. ಕಾರಣ ಪ್ರೇಮ ಎಂದು ಹೇಳಿದರೆ ಅವನೇ ಉಗಿದಾನು. ಕಾರಣ ಅವನ ಬೆರಳುಗಳು. ಸಂಜೆ ಮನೆಗೆ ಬರುವಾಗ ಆ ಬೆರಳುಗಳು ಸೌದೆಯ ಹಾಗೆ ಸೆಟೆದಿರುತ್ತಿದ್ದವು, ಸ್ವಂತ ಸ್ವೆಟರಿನ ಗುಂಡಿ ಬಿಚ್ಚಲು ಬರುತ್ತಿರಲಿಲ್ಲ. ಅವನು ಹೊಸ್ತಿಲಲ್ಲಿ ಗಲ್ಲ ಎತ್ತಿ ನಿಲ್ಲುತ್ತಿದ್ದ. ಅವಳು ಬಂದು, "ಊರಿಗೆಲ್ಲಾ ದೊಡ್ಡ ಬಾಯಿ, ಒಂದು ಗುಂಡಿ ಬಿಚ್ಚೋ ಯೋಗ್ಯತೆ ಇಲ್ಲ" ಎನ್ನುತ್ತಾ ಒಂದೊಂದೇ ಬಿಚ್ಚಿ, ಬೆಚ್ಚಗಿನ ಎಣ್ಣೆಯಲ್ಲಿ ಒಂದೊಂದೇ ಬೆರಳು ನೀವಿ ಮತ್ತೆ ಮನುಷ್ಯನ ಬೆರಳು ಮಾಡುತ್ತಿದ್ದಳು. ಇದು ಮದುವೆಯಾದ ಲಾಗಾಯ್ತಿನಿಂದ ನಡೆದು ಬಂದದ್ದು. ಅವಳಿಲ್ಲದಿದ್ದರೆ ಅವನು ಆ ಸ್ವೆಟರಿನೊಳಗೇ ಮುದುಕನಾಗಿ ಅದರೊಳಗೇ ಸಾಯಬೇಕಿತ್ತು.

ಇಷ್ಟು ಸುಖವಾಗಿದ್ದ ಸಂಸಾರಕ್ಕೆ ಆ ಬೇಸಿಗೆ ತಂದು ಹಾಕಿದ ಹೆಣಭಾರವೆಂದರೆ ಮಾವ.

ಮಾವನವರು ರಿಟೈರಾದ ಬಸ್ ಚೆಕಿಂಗ್ ಇನ್ಸ್‌ಪೆಕ್ಟರು. ಜೀವಮಾನವೆಲ್ಲ ರಸ್ತೆಯ ತಿರುವಿನಲ್ಲಿ ಅಡಗಿದ್ದು, ಕೈ ಅಡ್ಡ ಹಿಡಿದು, ಬಸ್ಸು ಹತ್ತಿ "ಟಿಕೆಟ್ ತೋರ್ಸಿ" ಅಂದವರು. ಪ್ರಶ್ನೆ ಕೇಳುವುದು ಅವರ ಕೆಲಸ, ಉತ್ತರ ಕೊಡುವುದು ಮಿಕ್ಕವರ ಕೆಲಸ. ನೌಕರಿ ಮುಗಿದರೂ ಆ ಚಾಳಿ ಮುಗಿದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಪೇಟೆಯ ನಡುವೆ ಒಂದು ತಗಡಿನ ಮಾಡಿನ ಬಾಡಿಗೆ ಕೋಣೆ ಹಿಡಿದಿದ್ದರು. "ಯಾರ ಹಂಗೂ ಬೇಡ" ಎಂದು ಮೀಸೆ ತಿರುವಿದ್ದರು. ತಗಡು ಕಾದು ಕೆಳಗಿದ್ದ ಮನುಷ್ಯ ಬೇಯತೊಡಗಿದಾಗ ಹಂಗು ಪರವಾಗಿಲ್ಲ ಅನ್ನಿಸಿತು. ಒಂದು ಕೊಡೆ, ಒಂದು ಚೀಲ ಹಿಡಿದು ಮಗಳ ಮನೆಗೆ ಬಂದು, ನಡುಮನೆಯ ಫ್ಯಾನಿನ ಕೆಳಗೆ ಚಾಪೆ ಹಾಸಿದರು.

ಆ ಮನೆಯಲ್ಲಿ ಇದ್ದದ್ದು ಅದೊಂದೇ ಫ್ಯಾನು. ಮಾವನಿಗೂ ಅಳಿಯನಿಗೂ ಮಾತು ನಿಂತದ್ದೂ ಒಂದು ಫ್ಯಾನಿನಿಂದಲೇ.

ಅದು ಹಳೆಯ ಕಥೆ. ಮದುವೆಯಾದ ಹೊಸತರಲ್ಲಿ ಸ್ವೆಟರಣ್ಣ ಹೆಂಡತಿಯ ತೌರಿಗೆ ಹೋಗಿದ್ದ. ಮಾವ ಊಟ ಮುಗಿಸಿ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ಹೊಸ ಅಳಿಯನ ಮೊಣಕಾಲಿಗೆ ಆ ಗಾಳಿ ಸೂಜಿಯ ಹಾಗೆ ಚುಚ್ಚಿತು. ಎದ್ದು ಹೋಗಿ ಟಕ್ಕೆಂದು ಆರಿಸಿದ. ಮಾವನ ಗೊರಕೆ ಅರ್ಧಕ್ಕೆ ನಿಂತಿತು.

"ಮಗಳೇ," ಎಂದರು ಅವರು ಕಣ್ಣು ಬಿಡದೆಯೇ, "ಈ ಮನೆ ಸ್ವಿಚ್ಚಿಗೆ ಯಜಮಾನ ಬೇರೆ ಇದ್ದಾನೆ ಅಂತ ನಿನ್ನ ಗಂಡನಿಗೆ ಹೇಳು."

"ಮೂಳೆ ಇರೋ ಮನುಷ್ಯರೂ ಈ ಮನೆಗೆ ಬರ್ತಾರೆ ಅಂತ ನಿಮ್ಮಪ್ಪನಿಗೆ ಹೇಳು" ಎಂದ ಅಳಿಯ.

ಅಷ್ಟೇ. ಅಂದಿನಿಂದ ಇಬ್ಬರೂ ನೇರವಾಗಿ ಒಂದಕ್ಷರ ಆಡಿದ್ದಿಲ್ಲ. ಏನಿದ್ದರೂ ಮಧ್ಯೆ ಅವಳು, ಸಂಬಳವಿಲ್ಲದ ಪೋಸ್ಟ್‌ಮ್ಯಾನು. ಅವಳು ನೀರಿಗೆ ಹೋಗಿದ್ದರೆ ಮಾತು ನಿಲ್ಲುತ್ತಿತ್ತು ಎಂದುಕೊಳ್ಳಬೇಡಿ. ಆಗ ಮಾವ ಕ್ಯಾಲೆಂಡರಿಗೆ ಹೇಳುತ್ತಿದ್ದರು, ಅಳಿಯ ನೀರಿನ ಹೂಜಿಗೆ ಹೇಳುತ್ತಿದ್ದ. ಇಬ್ಬರು ಬೆಳೆದ ಗಂಡಸರು ಒಂದೇ ಕೋಣೆಯಲ್ಲಿ ಕೂತು, ಒಬ್ಬ ಗೋಡೆಗೂ ಇನ್ನೊಬ್ಬ ಮಡಕೆಗೂ ಬೈಯುವುದನ್ನು ನೋಡಿದರೆ ಯಾವ ನೊಣವಾದರೂ ನಾಚಿ ಹೊರಗೆ ಹೋಗಬೇಕು.

ಈಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಸಂಜೆ ಅವನು ಹಿಮದಿಂದ ಬರುತ್ತಿದ್ದ. ಬಂದವನೇ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬಾಗಿಲು ಎಳೆಯುತ್ತಿದ್ದ. ಬಾಗಿಲು ಮುಚ್ಚುವುದಂತೂ ಅವನಿಗೆ ರಕ್ತದಲ್ಲೇ ಇತ್ತು. ಸ್ಟೋರೇಜಿನಲ್ಲಿ ತೆರೆದ ಬಾಗಿಲೆಂದರೆ ಕಳ್ಳತನಕ್ಕೆ ಸಮ. ಅವನು ಬಚ್ಚಲಿಗೆ ಹೋದ ಕೂಡಲೇ ಮಾವ ಎದ್ದು ಫ್ಯಾನು ಹಾಕಿ, ಕಿಟಕಿ ತೆರೆಯುತ್ತಿದ್ದರು. ಸ್ವಿಚ್ಚು ಟಕ್ ಟಕ್ ಎಂದು ಎಷ್ಟು ಸಲ ಕುಣಿಯಿತೆಂದರೆ, ಒಂದು ದಿನ ಅದರ ಮೂಗೇ ಮುರಿದು ಕೈಗೆ ಬಂತು.

ಮುರಿದ ಸ್ವಿಚ್ಚನ್ನು ಅಂಗೈಯಲ್ಲಿ ಹಿಡಿದು ಹೆಂಡತಿ ಇಬ್ಬರ ಮಧ್ಯೆ ನಿಂತಳು. ಕಣ್ಣಲ್ಲಿ ನೀರಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು.

"ರೀ, ಕೇಳಿಸ್ಕೊಳ್ಳಿ. ಅಪ್ಪ ಈ ಮನೆಯಿಂದ ಮುಖ ಊದಿಸ್ಕೊಂಡು ಹೋದ್ರೆ ಹಿಂದೆ ನಾನೂ ಹೋಗ್ತೀನಿ. ಆ ತಗಡಿನ ಕೆಳಗೇ ಇಬ್ರೂ ಬೇಯ್ತೀವಿ. ನಿಮ್ಮ ಗುಂಡಿ ನೀವೇ ಬಿಚ್ಕೊಳ್ಳಿ."

"ಏ, ನಾನೇನ್ ಅಂದೆ ಈಗ..."

"ಅನ್ಬೇಡಿ. ಏನೂ ಅನ್ಬೇಡಿ. ನಿಮ್ಮಿಬ್ರ ಮಾತು ಹೊತ್ತು ಹೊತ್ತು ನನ್ನ ಕೊರಳು ಬಿದ್ದು ಹೋಗಿದೆ."

ಅವಳು ಹೇಳಿದ್ದನ್ನು ಮಾಡುವವಳು. ಇದು ಸ್ವೆಟರಣ್ಣನಿಗೆ ಗೊತ್ತಿತ್ತು. ಅವನು ಬೆರಳುಗಳನ್ನು ನೋಡಿಕೊಂಡ. ಮಾವನಿಗೆ ಗಾಳಿ ಬೇಕು, ತನಗೆ ಗಾಳಿ ಕೂಡದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯೋಚಿಸಿ ಯೋಚಿಸಿ, ಬೆಳಗಿನ ಹೊತ್ತಿಗೆ ಒಂದು ದಾರಿ ಹೊಳೆಯಿತು.

"ನಿಮ್ಮಪ್ಪನಿಗೆ ಹೇಳು," ಎಂದ, ಮಾವ ಒಂದು ಮಾರು ದೂರದಲ್ಲಿ ಕೂತು ಹಲ್ಲುಜ್ಜುತ್ತಿರುವಾಗ, "ಅಷ್ಟು ಸೆಕೆ ಅನ್ನೋರು ಮಧ್ಯಾಹ್ನ ನಮ್ ಸ್ಟೋರೇಜಿನ ನಡುಕೋಣೇಲಿ ಬಂದು ಕೂತ್ಕೋಬಹುದು. ಅಲ್ಲಿ ತಂಪಿದೆ. ಸಂಜೆ ಮನೇಲಿ ಫ್ಯಾನ್ ಹಾಕೋ ಹಾಗಿಲ್ಲ."

ಮಾವ ಬಾಯಲ್ಲಿದ್ದ ನೊರೆ ಉಗಿದು, ಕ್ಯಾಲೆಂಡರಿನ ಕಡೆ ತಿರುಗಿದರು. "ನಾನು ಯಾರ ಮನೆ ತಂಪಿಗೂ ಆಸೆ ಬಿದ್ದೋನಲ್ಲ. ಆದ್ರೆ ಅಲ್ಲಿ ಕೆಲಸ ಹೇಗ್ ನಡೀತದೆ ಅಂತ ಒಂದ್ಸಲ ನೋಡ್ಬೇಕು. ಇಂಥೋರ ಕೈಯಲ್ಲಿ ಕೊಟ್ಟ ಸೇಬು ನಾಳೆ ನಾವು ತಿನ್ನೋದು."

ಬೇಡುವುದನ್ನು ಕೂಡ ದಾನ ಕೊಟ್ಟ ಹಾಗೆ ಬೇಡುವ ಜನ ಇರುತ್ತಾರೆ. ಮಾವ ಆ ಜಾತಿಯವರು.

ಸ್ಟೋರೇಜಿನ ಯಜಮಾನನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವನು ಗಾಜಿನ ಕೋಣೆಯಲ್ಲಿ ಎರಡು ಕಿವಿಗೂ ಫೋನು ಹಿಡಿದು ಕೂತ ಪ್ರಾಣಿ. ಒಂದು ಫೋನಿಗೆ ಅಂದ "ಆಯ್ತು ಆಯ್ತು" ಇನ್ನೊಂದಕ್ಕೂ ಸಲ್ಲುತ್ತಿತ್ತು, ಎದುರು ನಿಂತವನಿಗೂ ಸಲ್ಲುತ್ತಿತ್ತು. "ನಡುಕೋಣೇಲಿ ಮಾತ್ರ. ಒಳಗಡೆ ಕಾಲಿಟ್ರೆ ನೀನೂ ಬೇಡ, ನಿಮ್ ಮಾವನೂ ಬೇಡ" ಎಂದ.

ನಡುಕೋಣೆ ಎಂದರೆ ಹೊರಗಿನ ಉರಿಗೂ ಒಳಗಿನ ಹಿಮಕ್ಕೂ ಮಧ್ಯದ ಜಾಗ. ಒಳಗಿಂದ ಬಂದವರು ಅಲ್ಲಿ ಸ್ವಲ್ಪ ಹೊತ್ತು ಕೂತೇ ಹೊರಗೆ ಹೋಗಬೇಕು. ಹಿಮದಿಂದ ನೇರ ಬಿಸಿಲಿಗೆ ಹೋದರೆ ಮೂಗಿನಲ್ಲಿ ರಕ್ತ ಬರುತ್ತದೆ. ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಮಾವ ಕೊಡೆಯನ್ನು ಕುರ್ಚಿಯ ಬೆನ್ನಿಗೆ ತಗುಲಿಸಿ, ಕಾಲ ಮೇಲೆ ಕಾಲು ಹಾಕಿ ಕೂತರು. ಆ ಬೇಸಿಗೆಯಲ್ಲಿ ಮಾವ ಕೊಡೆಯಿಲ್ಲದೆ ಒಂದು ಹೆಜ್ಜೆಯೂ ಹೊರಗಿಡುತ್ತಿರಲಿಲ್ಲ. ಕಕ್ಕಸಿಗೆ ಹೋದರೂ ಕೊಡೆ, ಅಂಗಳ ದಾಟಿದರೂ ಕೊಡೆ.

ಕೂತವರು ಸುಮ್ಮನೆ ಕೂತರೇ? ಬಂದವರನ್ನೆಲ್ಲ ತಡೆದು ತನಿಖೆ ಶುರುಮಾಡಿದರು. ಸ್ವೆಟರಣ್ಣನ ಜೊತೆ ಕೆಲಸ ಮಾಡುವ ಉದ್ದಣ್ಣನಿಗೆ ಅದೊಂದು ತಮಾಷೆ. ಅವನು ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ನಡೆಯುವ ಆಳು, ಬಾಯಿಗೆ ಮಾತ್ರ ಬಗ್ಗುವ ಅಭ್ಯಾಸವಿಲ್ಲ.

"ಏನಯ್ಯಾ, ಕೈಯಲ್ಲೇನು?" ಎನ್ನುತ್ತಿದ್ದರು ಮಾವ.

"ಮೂಟೆ ಸಾರ್."

"ಕಾಣ್ತದೆ. ಮೂಟೆಯೊಳಗೇನು?"

"ಆಲೂಗಡ್ಡೆ ಸಾರ್. ಎಲ್ಲಾ ಟಿಕೆಟ್ ತಗೊಂಡೇ ಹತ್ತಿದ್ದಾವೆ ಸಾರ್."

ಮಾವ ಮೀಸೆಯ ಕೆಳಗೆ ನಕ್ಕರೋ ಇಲ್ಲವೋ ಹೇಳುವ ಹಾಗಿರಲಿಲ್ಲ. ಅಳಿಯ ಮೂಟೆ ಹೊತ್ತು ಹಾಯುವಾಗ ಮಾತ್ರ ಅವರು ಚಾವಣಿ ನೋಡುತ್ತಿದ್ದರು, ಇವನು ನೆಲ ನೋಡುತ್ತಿದ್ದ. ಆದರೂ ಕೆಲವು ದಿನ ಮನೆಯಲ್ಲಿ ಸಂಜೆ ಫ್ಯಾನು ತಿರುಗಲಿಲ್ಲ, ಹೊಸದಾಗಿ ಹಾಕಿಸಿದ ಸ್ವಿಚ್ಚು ಮುರಿಯಲಿಲ್ಲ. ಹೆಂಡತಿ ಗುಂಡಿ ಬಿಚ್ಚುತ್ತಾ "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದಳು. ಸ್ವೆಟರಣ್ಣ ಹೂಂಗುಟ್ಟಿದ. ಗೆದ್ದೆ ಎಂದುಕೊಂಡ. ಮೂರ್ಖರಿಗೆ ಗೆಲುವು ಬೇಗ ಕಾಣುತ್ತದೆ.

ಇನ್ನು ಆ ಕೆಲಸದ ಒಂದು ಕಟ್ಟುಪಾಡು ಹೇಳಿಬಿಡಬೇಕು. ಒಳಕೋಣೆಯಲ್ಲಿ ಮೂಟೆ, ಪೆಟ್ಟಿಗೆಗಳನ್ನು ಚಾವಣಿಯ ತನಕ ಒಟ್ಟಿರುತ್ತಾರೆ. ಹಿಂದೆ ಯಾರಿದ್ದಾರೆಂದು ಬಾಗಿಲಲ್ಲಿ ನಿಂತವನಿಗೆ ಕಾಣುವುದಿಲ್ಲ. ದೀಪದ ಸ್ವಿಚ್ಚು ಬೇರೆ ಹೊರಗಡೆ. ಅದಕ್ಕೇ ಬಾಗಿಲು ಎಳೆಯುವವನು ಮೊದಲು ಒಳಗೆ ತಲೆ ಹಾಕಿ "ಯಾರಿದ್ದೀರಿ ಒಳಗೆ?" ಎಂದು ಮೂರು ಸಲ ಕೂಗಬೇಕು. ಒಳಗಿದ್ದವನು "ಇದ್ದೀನಿ" ಎನ್ನಬೇಕು. ಉತ್ತರವಿಲ್ಲದಿದ್ದರೆ ದೀಪ ಆರಿಸಿ ಬಾಗಿಲು ಹಾಕುವುದು. ಎಷ್ಟೇ ಜಗಳವಿರಲಿ, ಹಿಂದಿನ ದಿನ ಒಬ್ಬರಿಗೊಬ್ಬರು ಹೊಡೆದಾಡಿರಲಿ, ಆ ಕೂಗಿಗೆ ಮಾತ್ರ ಉತ್ತರ ಕೊಡದ ಆಳು ಅಲ್ಲಿ ಹುಟ್ಟಿರಲಿಲ್ಲ. ಒಳಗಿನಿಂದ ತಳ್ಳಿದರೆ ಬಾಗಿಲು ತೆರೆಯುವ ಒಂದು ಗುಂಡಿಯೂ ಇತ್ತು. ಮಾವನಿಗೆ ಅದನ್ನು ಹೇಳಿಕೊಡಬೇಕಾಗಿದ್ದವನು ಅವರೊಡನೆ ಮಾತಾಡುತ್ತಿರಲಿಲ್ಲ.

ಆ ದಿನ ಬೀದಿಯ ಟಾರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಕರೆಂಟು ಹೋಗಿ, ಸ್ಟೋರೇಜಿನವರು ಜನರೇಟರು ಹಾಕಿ ಒಳಕೋಣೆಗಳನ್ನಷ್ಟೇ ತಂಪಾಗಿಟ್ಟರು. ನಡುಕೋಣೆ ಮೆಲ್ಲಗೆ ಬೆಚ್ಚಗಾಯಿತು. ಮಾವನ ಕತ್ತಿನಲ್ಲಿ ಬೆವರು ಇಳಿಯಿತು. ಎದುರಿಗೆ ಸೇಬಿನ ಕೋಣೆಯ ಬಾಗಿಲು. ಆಳುಗಳು ಸರಕು ತೆಗೆಯುತ್ತಿದ್ದರಿಂದ ಅದು ತೆರೆದು ಮುಚ್ಚಿ ಆಗುತ್ತಿತ್ತು. ತೆರೆದಾಗಲೆಲ್ಲ ಬಿಳಿ ಹೊಗೆಯಂತೆ ತಂಪು ನೆಲದ ಮೇಲೆ ಹರಿದು ಬಂದು ಅವರ ಪಾದ ನೆಕ್ಕಿ ಹೋಗುತ್ತಿತ್ತು. ಎಷ್ಟು ಹೊತ್ತು ತಡೆದಾರು? ಅತ್ತಿತ್ತ ನೋಡಿದರು. ಜೀವಮಾನದಲ್ಲಿ ಮೊದಲನೆಯ ಸಲ, ಟಿಕೆಟ್ಟಿಲ್ಲದೆ ಒಳಗೆ ಹತ್ತಿದರು.

ಪೆಟ್ಟಿಗೆಗಳ ಸಾಲಿನ ಹಿಂದೆ ಯಾರೋ ಬಿಟ್ಟು ಹೋದ ಆಲೂಗಡ್ಡೆಯ ಮೂಟೆಯೊಂದಿತ್ತು. ಕೂತು ಬೆನ್ನು ಆನಿಸಿದರು. ಆಹಾ! ಇಷ್ಟು ವರ್ಷದ ಧೂಳು, ಬಸ್ಸಿನ ಹೊಗೆ, ತಗಡಿನ ಉರಿ ಎಲ್ಲ ಮೈಯಿಂದ ಇಳಿದು ಹೋದ ಹಾಗಾಯಿತು. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕಣ್ಣು ಮುಚ್ಚಿದರು. ಅಷ್ಟರಲ್ಲಿ ಬಾಗಿಲಿನಿಂದ ಕೂಗು ಬಂತು.

"ಯಾರಿದ್ದೀರಿ ಒಳಗೆ?"

ದನಿ ಅಳಿಯನದು. ಮಾವ ಕಣ್ಣು ಬಿಟ್ಟರು. ಬಾಯಿ ಅರ್ಧ ತೆರೆಯಿತು ಕೂಡ. ಆಮೇಲೆ ಮುಚ್ಚಿತು. ಆ ಮನುಷ್ಯನ ಪ್ರಶ್ನೆಗೆ ನಾನು ಉತ್ತರ ಕೊಡುವುದೇ? ಫ್ಯಾನು ಆರಿಸಿದವನಿಗೆ?

"ಯಾರಿದ್ದೀರಿ ಒಳಗೆ?"

ಮಗಳು ಇದ್ದಿದ್ದರೆ ಹೇಳಿ ಕಳಿಸಬಹುದಿತ್ತು. ಇಲ್ಲಿ ಕ್ಯಾಲೆಂಡರೂ ಇಲ್ಲ. ಆ ಉದ್ದನೆಯವನಾದರೂ ಕೂಗಬಾರದೇ?

"ಯಾರಿದ್ದೀರೀ ಒಳಗೇ?"

ದೀಪ ಆರಿತು. ಬಾಗಿಲು ಹೀರಿಕೊಂಡು ಮುಚ್ಚಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಮಾವ ಕತ್ತಲಲ್ಲಿ ಕೂತರು.

ಸ್ವೆಟರಣ್ಣ ನಡುಕೋಣೆಯಲ್ಲಿ ಎಂದಿನಂತೆ ನೆಲ ನೋಡುತ್ತಲೇ ಸ್ವಲ್ಪ ಹೊತ್ತು ಕೂತು, ಬೂಟು ಕಳಚಿ, ಹಿಂದಿನ ಬಾಗಿಲಿನಿಂದ ಹೋಗಿ, ಮೋಟುಗೋಡೆಯ ಮೇಲೆ ಟೀ ಲೋಟ ಹಿಡಿದು ಕೂತ. ಬಿಸಿಲು ಬೆನ್ನಿಗೆ ಇಸ್ತ್ರಿ ಹಾಕಿದ ಹಾಗೆ ಹಿತವಾಗಿತ್ತು. ಓತಿಕ್ಯಾತ ಕೂಡ ಆ ದಿನ ನೆರಳಿಗೆ ಓಡಿಹೋಗಿತ್ತು. ದೂರದಲ್ಲಿ ಸೂರಿನ ಕೆಳಗೆ ನಿಂತ ಉದ್ದಣ್ಣ ಲೋಟಕ್ಕೆ ಊದುತ್ತಾ ಕೂಗಿದ.

"ಅಣ್ಣಾ, ಎಲ್ಲಿ ನಿಮ್ ಚೆಕಿಂಗ್ ಸಾಹೇಬ್ರು? ಇವತ್ತು ನನ್ನ ಮೂಟೆಗೆ ಟಿಕೆಟ್ ಕೇಳೋರೇ ಇಲ್ಲ."

"ಹೋಗಿರಬೇಕು ಮನೆಗೆ. ಪೀಡೆ."

"ಈ ಬಿಸಿಲಲ್ಲಾ? ಕೊಡೆ ಅಲ್ಲೇ ನೇತಾಡ್ತಿದೆಯಲ್ಲ!"

ಸ್ವೆಟರಣ್ಣ ಲೋಟವನ್ನು ತುಟಿಯಿಂದ ಇಳಿಸಿದ. ಕೊಡೆ ಅಲ್ಲೇ ಇದೆ. ಕೊಡೆ ಬಿಟ್ಟು ಹೊರಗೆ ಹೋಗುವ ಮುದುಕನಲ್ಲ ಅದು. ಹೊರಗೆ ಹೋಗಿಲ್ಲ ಎಂದರೆ ಒಳಗೆ ಹೋಗಿದೆ. ಕೂಗಿದೆನಲ್ಲಾ, ಮೂರು ಸಲ ಕೂಗಿದೆನಲ್ಲಾ ಎಂದುಕೊಂಡ. ಕೂಗಿದ್ದು ಯಾರು ಎಂಬುದೂ ಆ ಕ್ಷಣವೇ ಹೊಳೆಯಿತು. ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಬೂಟೂ ಇಲ್ಲದೆ, ಬರಿಗಾಲಲ್ಲಿ ಓಡಿದ. ಮನಸ್ಸಿನಲ್ಲಿ ಬರುತ್ತಿದ್ದದ್ದು ಒಂದೇ ಚಿತ್ರ. ಹೊಸ್ತಿಲಲ್ಲಿ ಗಲ್ಲ ಎತ್ತಿ ನಿಂತಿದ್ದಾನೆ, ಎದುರಿಗೆ ಯಾರೂ ಬರುತ್ತಿಲ್ಲ.

ಬಾಗಿಲೆಳೆದು, ದೀಪ ಹಾಕಿ, ಸಾಲಿನ ಹಿಂದಕ್ಕೆ ನುಗ್ಗಿದ. ಮಾವ ಮೂಟೆಯ ಮೇಲೆ ನೆಟ್ಟಗೆ ಕೂತಿದ್ದರು. ಒಂದು ಖಾಲಿ ಗೋಣಿಚೀಲವನ್ನು ಹೆಗಲಿಗೆ ಹೊದ್ದಿದ್ದರು. ತುಟಿ ನೀಲಿ, ಮೂಗಿನ ತುದಿ ಕೆಂಪು, ಹಲ್ಲು ಕಟಕಟ. ಅಳಿಯನ ಮುಖ ಕಂಡ ಕೂಡಲೇ ಅವರು ಕತ್ತು ತಿರುಗಿಸಿ, ಚೀಲದ ಬಾಯಿಂದ ಇಣುಕುತ್ತಿದ್ದ ಒಂದು ಆಲೂಗಡ್ಡೆಯನ್ನು ನೋಡಿದರು.

"ಆ... ಆ... ಆ ಮನುಷ್ಯನಿಗೆ ಹೇಳು," ಎಂದರು ಆಲೂಗಡ್ಡೆಗೆ, "ಬಾ... ಬಾಗಿಲು ಹಾಕೋ ಮೊದ್ಲು ಒಳಗೆ ನೋ... ನೋಡ್ಬೇಕು ಅಂತ."

ಸ್ವೆಟರಣ್ಣನ ಪಿತ್ತ ನೆತ್ತಿಗೇರಿತು.

"ಬಾಯಿಗೇನ್ ಬೀಗ ಜಡಿದಿತ್ತಾ ನಿಮಗೆ? ಹಾಂ? ಮೂರು ಸಲ ಬಡ್ಕೊಂಡೆನಲ್ಲಾ, ಕಿವಿ ಎಲ್ಲಿಟ್ಟಿದ್ರಿ? 'ಇದ್ದೀನಿ' ಅಂದಿದ್ರೆ ನಿಮ್ಮಪ್ಪನ ಮನೆ ಗಂಟು ಹೋಗ್ತಿತ್ತಾ?"

ಅಷ್ಟು ವರ್ಷದ ಮೇಲೆ ನೇರವಾಗಿ ಮುಖಕ್ಕೆ ಬಿದ್ದ ಮಾತು. ಮಾವನ ಹಲ್ಲು ಒಂದು ಕ್ಷಣ ಕಟಕಟ ನಿಲ್ಲಿಸಿತು.

"ನೀನು ಕೇಳಿದ್ದು ನನ್ನನ್ನಾ?" ಎಂದು ಅವರೂ ನೇರವಾಗಿಯೇ ಗುಡುಗಲು ಹೋದರು. ದನಿ ಚಳಿಗೆ ನಡುಗಿ ಆಡಿನ ದನಿಯಾಯಿತು. "ಯಾ... ಯಾರಿದ್ದೀರಿ ಅಂತ ಊರಿಗೆಲ್ಲಾ ಕೇಳಿದೆ. 'ಮಾವ ಇದ್ದೀರಾ' ಅಂತ ಕೇಳಿದ್ಯಾ? ಕತ್ತೆ!"

"ಕತ್ತೆ ನಾನಲ್ಲ, ಹಿಮದಲ್ಲಿ ಕೂತು ಮೀಸೆ ತಿರುವೋ..."

ಮಾತು ಅಲ್ಲಿಗೆ ಬಿಟ್ಟು ಅವನು ತನ್ನ ಸ್ವೆಟರಿಗೆ ಕೈ ಹಾಕಿದ. ಬೆರಳು ಬಗ್ಗಲಿಲ್ಲ. ಒಂದು ಗುಂಡಿಯೂ ಬಿಚ್ಚಲಿಲ್ಲ. "ಥೂ ಇದರ!" ಎಂದವನೇ ಎರಡು ಕೈಯಲ್ಲೂ ಕೊರಳ ಹತ್ತಿರ ಹಿಡಿದು ಜಗ್ಗಿ ಹರಿದ. ಗುಂಡಿಗಳು ಹಾರಿ ಸೇಬಿನ ಪೆಟ್ಟಿಗೆಗಳ ಸಂದಿಯಲ್ಲಿ ಉರುಳಿ ಹೋದವು. ಸ್ವೆಟರನ್ನು ಮುದುಕನ ಮೈಗೆ ಸುತ್ತಿ, ಮೂಟೆ ಎತ್ತುವ ಹಾಗೆ ಎತ್ತಿ ಹೆಗಲಿಗೆ ಹಾಕಿಕೊಂಡ.

"ಇಳಿಸೋ! ನಾನೇನು ಆಲೂಗಡ್ಡೆಯಾ?"

"ಆಲೂಗಡ್ಡೆ ಇಷ್ಟು ಮಾತಾಡಲ್ಲ."

ನಡುಕೋಣೆಯಲ್ಲಿ ಇಳಿಸಿ, ಕೈಕಾಲು ತಿಕ್ಕಿದ. ತಿಕ್ಕುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದೇ ಬೆರಳು, ಬುಡದಿಂದ ತುದಿಗೆ. ದಿನಾ ಸಂಜೆ ಮಗಳು ತನಗೆ ಮಾಡುವುದನ್ನು ಅವನು ಅಪ್ಪನಿಗೆ ಮಾಡಿದ. ಮಾವ ಬೈಯುತ್ತಲೇ ಇದ್ದರು, ಅವನು ಬೈಸಿಕೊಳ್ಳುತ್ತಾ ತಿರುಗಿ ಬೈಯುತ್ತಾ ತಿಕ್ಕುತ್ತಲೇ ಇದ್ದ. ಉದ್ದಣ್ಣ ಬಿಸಿ ಟೀ ತಂದು ಬಾಗಿಲಲ್ಲಿ ಬಾಯಿ ತೆರೆದು ನಿಂತ.

"ಬಿಸಿಲು," ಎಂದರು ಮಾವ ಕೊನೆಗೆ. "ಬಿಸಿಲಿಗೆ ಕರ್ಕೊಂಡು ಹೋಗೋ."

"ಸ್ವಲ್ಪ ತಡೀರಿ. ಈಗ್ಲೇ ಹೋದ್ರೆ ಮೂಗಲ್ಲಿ ರಕ್ತ ಬರುತ್ತೆ."

"ಎಷ್ಟು ತಡೀಬೇಕು?"

"ನಾನ್ ಹೇಳೋ ತನಕ."

ಮಾವ ತಡೆದರು. ಯಾರೋ ಹೇಳಿದ್ದನ್ನು ಅವರು ಕೇಳಿದ್ದು ಬಹುಶಃ ಅದೇ ಮೊದಲು.

ಆಮೇಲೆ ಆ ಮೋಟುಗೋಡೆಯ ಮೇಲೆ, ಕಾಗೆ ಕೂಡ ಹಾರದ ಆ ಉರಿಬಿಸಿಲಿನಲ್ಲಿ, ಇಬ್ಬರು ಗಂಡಸರು ಮುಖ ಮೇಲೆ ಮಾಡಿ ಕೂತದ್ದನ್ನು ಸುತ್ತಮುತ್ತಲಿನವರೆಲ್ಲ ನೋಡಿದರು. ಮುದುಕ ಗುಂಡಿಯಿಲ್ಲದ ಸ್ವೆಟರನ್ನು ಕೈಯಲ್ಲಿ ಮುಚ್ಚಿ ಹಿಡಿದಿದ್ದ, ಇನ್ನೊಬ್ಬ ಬನಿಯನ್ನಿನಲ್ಲಿದ್ದ. ನೆರಳಲ್ಲಿ ನಿಂತವರು ನಕ್ಕರು. ನೆರಳಲ್ಲಿ ನಿಂತು ನಗುವುದಕ್ಕೆ ಯಾವ ಬುದ್ಧಿಯೂ ಬೇಕಿಲ್ಲ.

ಯಜಮಾನ ಮೊದಲ ಬಾರಿಗೆ ಎರಡೂ ಫೋನು ಕೆಳಗಿಟ್ಟು ಹೊರಗೆ ಬಂದ. "ಇದು ಸೇಬು ಇಡೋ ಜಾಗ ಕಣಯ್ಯಾ, ಮಾವನ್ನ ಇಡೋ ಜಾಗ ಅಲ್ಲ! ನಾಳೆಯಿಂದ ಈ ಯಪ್ಪ ಗೇಟಿನೊಳಗೆ ಬಂದ್ರೆ ಆ ಕಡೆಯಿಂದ ನೀನು ಹೊರಗೆ" ಎಂದು ಹಾರಾಡಿದ. ಸ್ವೆಟರಣ್ಣ ತಲೆ ತಗ್ಗಿಸಿದ. ಮಾವ ತಗ್ಗಿಸಲಿಲ್ಲ. "ಒಳಗೆ ನೋಡ್ದೆ ಬಾಗ್ಲು ಹಾಕೋ ಕಟ್ಟುಪಾಡು ಯಾರ್ರೀ ಮಾಡಿದ್ದು?" ಎಂದು ಯಜಮಾನನ ಮೇಲೇ ತನಿಖೆ ಶುರುಮಾಡಿದರು. ಯಜಮಾನನಿಗೆ ಫೋನಿನ ನೆನಪಾಯಿತು.

ಮನೆಯ ತನಕ ಇಬ್ಬರೂ ಒಂದೇ ಕೊಡೆ ಹಿಡಿದು ಬಂದರು. ಬಿಸಿಲು ಬೀಳಲೆಂದು ಮಾವನೂ, ನೆರಳು ಬೇಕಿಲ್ಲವೆಂದು ಅಳಿಯನೂ ಅದನ್ನು ಮಡಚಿ ಮಧ್ಯೆ ಊರಿಕೊಂಡು ಬಂದರು. ದಾರಿಯುದ್ದಕ್ಕೂ ಜಗಳ. ಕತ್ತೆ ಯಾರು ಎಂಬುದು ಟೈಲರಿನ ಅಂಗಡಿ ಬಂದರೂ ತೀರ್ಮಾನವಾಗಿರಲಿಲ್ಲ. ಟಬ್ಬಿನಿಂದ ಟೈಲರು "ಏನ್ ಸೆಕೆ ಅಲ್ವಾ?" ಎಂದ. ಇಬ್ಬರೂ ಒಟ್ಟಿಗೆ ಅವನನ್ನು ನೋಡಿದ ನೋಟಕ್ಕೆ ಅವನು ಕಾಲು ಟಬ್ಬಿನಿಂದ ತೆಗೆದ.

ಹೆಂಡತಿ ಹೊಸ್ತಿಲಿಗೆ ಬಂದಳು. ಅಪ್ಪನ ಮೈಮೇಲೆ ಗಂಡನ ಸ್ವೆಟರು. ಅದರಲ್ಲಿ ಒಂದೂ ಗುಂಡಿಯಿಲ್ಲ. ಗಂಡ ಬನಿಯನ್ನಿನಲ್ಲಿ. ಅವಳು ಗಲ್ಲಕ್ಕೆ ಕೈಯಿಟ್ಟಳು.

"ಏನ್ರೀ ಇದು? ಏನಾಯ್ತು?"

"ನಿನ್ನ ಗಂಡನನ್ನೇ ಕೇಳು" ಎಂದು ಹೊರಟ ಮಾವ ನಿಂತು, ಅವನ ಕಡೆಗೇ ತಿರುಗಿದರು. "ನೀನೇ ಹೇಳೋ. ಮಾಡಿದ್ದು ನೀನು."

"ನಾನ್ಯಾಕೆ? ಒಳಗೆ ಹೋದೋರು ನೀವು."

"ಬಾಗಿಲು ಹಾಕಿದ್ದು?"

"ಬಾಯಿ ಬಿಡದೇ ಇದ್ದದ್ದು?"

ಅವಳು ಇಬ್ಬರನ್ನೂ ನೋಡಿದಳು. ಮಧ್ಯೆ ನಿಂತಿದ್ದರೂ ಅವಳ ಕಡೆ ಯಾರೂ ನೋಡುತ್ತಿರಲಿಲ್ಲ. ಜೀವಮಾನದ ಕೆಲಸ ಒಂದೇ ಸಂಜೆಯಲ್ಲಿ ಹೋದ ಪೋಸ್ಟ್‌ಮ್ಯಾನಿನ ಮುಖವಾಯಿತು ಅವಳದು. ನಗಲೋ ಅಳಲೋ ತಿಳಿಯದೆ, ಗಂಡನ ಕೈ ಹಿಡಿದು ಬೆರಳು ನೋಡಿದಳು. ಅವು ಸಲೀಸಾಗಿ ಬಗ್ಗುತ್ತಿದ್ದವು; ಅಷ್ಟು ತಿಕ್ಕಿದ ಮೇಲೆ ಬಗ್ಗದೆ ಏನು ಮಾಡುತ್ತವೆ?

ಮಾವ ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಬಡಪಾಯಿ ಮಗಳು ತನಗೆಂದು ಹಾಕಿಕೊಂಡದ್ದು.

"ಆ ಫ್ಯಾನ್ ಆರ್ಸೋ," ಎಂದರು ಅವರು ಸ್ವೆಟರಿನೊಳಗೆ ಮುದುಡಿಕೊಂಡು. "ಮೂಳೆಗೆ ಚುಚ್ಚುತ್ತೆ."

ಸ್ವೆಟರಣ್ಣ ಆರಿಸಲು ಹೊರಟ. ಅವಳು ಅಡ್ಡ ನಿಂತು, ಸ್ವಿಚ್ಚಿನ ಮೇಲೆ ಅಂಗೈ ಒತ್ತಿ ಹಿಡಿದಳು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಮುಟ್ಟಿ ನೋಡೋಣ, ಯಾರಾದ್ರೂ," ಎಂದಳು. "ಅಪ್ಪ ಆಗ್ಲಿ, ಗಂಡ ಆಗ್ಲಿ. ಮುಟ್ಟಿ ನೋಡೋಣ."

ಯಾರೂ ಮುಟ್ಟಲಿಲ್ಲ. ಮಾವ ಎದ್ದು ಚಾಪೆ ಸುತ್ತಿದರು. ಅಳಿಯ ಹೂಜಿ ಎತ್ತಿಕೊಂಡ. ಹಗಲೆಲ್ಲ ಕಾದು ಕೆಂಡವಾಗಿದ್ದ ಹಿತ್ತಿಲ ಚಪ್ಪಡಿಯ ಮೇಲೆ ಇಬ್ಬರೂ ಬೆನ್ನು ಚಾಚಿ, ಕತ್ತೆ ಯಾರು ಎಂಬ ಮಾತನ್ನು ಬಿಟ್ಟಲ್ಲಿಂದ ಎತ್ತಿಕೊಂಡರು. ಒಳಗೆ ಫ್ಯಾನಿನ ಕೆಳಗೆ ಅವಳು ಒಬ್ಬಳೇ ಕೈಕಾಲು ಚಾಚಿ ಮಲಗಿದಳು. ಇಷ್ಟು ವರ್ಷದಲ್ಲಿ ಗಂಡ ಮನೆಯಲ್ಲಿರುವಾಗ ಆ ಗಾಳಿ ಅವಳೊಬ್ಬಳಿಗೇ ಸಿಕ್ಕಿದ್ದು ಅದೇ ಮೊದಲು.